ಹನ್ನೊಂದು ಮನೆಯವರು ಕೇಳಿದ ಮೈಸೂರು

೧೯೬೮ರ ಆಗಸ್ಟ್ ಹದಿನಾಲ್ಕು, ಬುಧವಾರ, ಬೆಳಗಿನ ಒಂಬತ್ತು ಗಂಟೆ. ಕಾಕ್ಸ್ ಟೌನಿನ ನಮ್ಮ ಮಕ್ಕಳ ಶಾಲೆಯ ಅಂಗಳದಲ್ಲಿ ಹಾಜರಿದ್ದವರು: ನಾನು, ಆಯಾ ಕನ್ನಿಯಮ್ಮ, ಐದಾರು ವರ್ಷದ ಹದಿನಾರು ಮಕ್ಕಳು, ಮತ್ತು ಕರೆಯದೆಯೇ ಬಂದ ಹನ್ನೊಂದು ಮನೆಗಳ ಹಿರಿಯರು. ಹಿರಿಯರೆಲ್ಲರದೂ ಒಂದೇ ತಕರಾರು. ನಾಳೆಯ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ತಮ್ಮ ಮಗು ಮೈಸೂರು ರಾಜ್ಯ ಆಗಬೇಕು. ಹನ್ನೊಂದೂ ಜನಕ್ಕೆ ಮೈಸೂರೇ ಬೇಕು.

ಗದಗಿನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ನನಗೆ ಇಂಥ ತಕರಾರು ಹೊಸದು. ಈ ಊರೂ ಹೊಸದೇ. ನನ್ನ ತಮ್ಮ ವಸಂತನಿಗೆ ಕೆ.ಆರ್. ಪುರದ ಕಡೆಯ ಕಾರ್ಖಾನೆಯಲ್ಲಿ ಕೆಲಸ. ಕ್ವಾರ್ಟರ್ಸ್ ಸಿಗುವವರೆಗೆ ಎಂದು ಅವನು ಇಲ್ಲೊಂದು ಔಟ್‌ಹೌಸ್ ಹಿಡಿದ. ಔಟ್‌ಹೌಸ್ ಎಂದರೆ ಬಂಗಲೆಯ ಹಿಂದೆ, ಹಿಂದೊಮ್ಮೆ ಅಡುಗೆಯವರಿಗೂ ಕುದುರೆಯವರಿಗೂ ಕಟ್ಟಿಸಿದ ಎರಡು ಕೋಣೆ. "ಅಕ್ಕಾ, ನೀ ಒಬ್ಬಾಕಿ ಅಲ್ಲೇನ್ ಮಾಡ್ತಿ, ಬಾ" ಎಂದು ಬರೆದ. ಬಂದೆ. ಧಾರವಾಡದ ಬೋರ್ಡಿಂಗಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು ನಾನು. ಇಲ್ಲಿ ಬೆಳಿಗ್ಗೆ ಎಬ್ಬಿಸುವುದು ಚರ್ಚಿನ ಗಂಟೆ, ಅದರ ಹಿಂದೆಯೇ ಬೇಕರಿಯ ಬಿಸಿ ಬನ್ನಿನ ವಾಸನೆ. ಜೋಳದ ಹಿಟ್ಟಿಗಾಗಿ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಮೂರು ಸಲ ಅಲೆದೆ. ಸಿಕ್ಕಿತು. ಮೊದಲ ದಿನ ರೊಟ್ಟಿ ಬಡಿಯುವಾಗ ಮುಂದಿನ ಬಂಗಲೆಯ ಮುದುಕ ಬೆತ್ತ ಹಿಡಿದು ಬಂದು, ಗೋಡೆ ಯಾಕೆ ಒಡೆಯುತ್ತೀರಿ ಎಂದು ಕೇಳಿದ. ಅವನಿಗೂ ಒಂದು ರೊಟ್ಟಿ ಕೊಟ್ಟೆವು. ಆಮೇಲೆ ಅವನು ಕೇಳಲಿಲ್ಲ.

ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲ. ಹತ್ತಿರದ ಮಕ್ಕಳ ಶಾಲೆಗೆ ಟೀಚರ್ ಬೇಕು ಎಂದು ತಿಳಿದ ಮರುದಿನವೇ ಹೋಗಿ ನಿಂತೆ. ಮೊದಲ ದಿನ ಮಕ್ಕಳಿಗೆ "ಸಾಲಾಗಿ ನಿಂದರ್ರಿ" ಎಂದೆ. ಒಂದು ಮಗುವೂ ಅಲುಗಲಿಲ್ಲ. ಕನ್ನಿಯಮ್ಮ ಅದನ್ನೇ ತಮಿಳಿನಲ್ಲಿ ಹೇಳಿದಳು, ಅರ್ಧ ಸಾಲು ಎದ್ದಿತು. ಉರ್ದುವಿನಲ್ಲಿ ಹೇಳಿದಳು, ಇನ್ನಷ್ಟು ಎದ್ದಿತು. ಕೊನೆಗೆ "ಲೈನ್!" ಎಂದು ಕೂಗಿದಳು, ಎಲ್ಲರೂ ನಿಂತರು. ನನಗೆ ಇಲ್ಲಿ ಮೊದಲು ಅರ್ಥವಾದ ಮಾತು 'ನಕ್ಕೋ', ಅಂದರೆ ಬೇಡ. ನಮ್ಮ ಕಡೆಯ ಸಂತೆಯಲ್ಲೂ ಕೇಳಿದ್ದ ಮಾತು ಅದು. ಇಲ್ಲಿ ಯಾವ ಮನೆಯ ಮಗುವಾದರೂ ಹಾಲು ಬೇಡವಾದರೆ ನಕ್ಕೋ, ಸ್ಲೇಟು ಬೇಡವಾದರೆ ನಕ್ಕೋ, ನಾನು ಬೇಡವಾದರೂ ನಕ್ಕೋ. ಮಕ್ಕಳು ಬೇಡ ಎಂದದ್ದಾದರೂ ತಿಳಿಯಿತಲ್ಲ ಎಂದು ಆ ದಿನ ಸಮಾಧಾನದಿಂದ ಮನೆಗೆ ಹೋದೆ. ಆರು ತಿಂಗಳಾದ ಮೇಲೆ ಶಿವಾಜಿನಗರದ ಷಾಹಿದಾ ತನ್ನ ತಮ್ಮನನ್ನು ನಮ್ಮ ಗದಗಿನ ಮಾತಿನಲ್ಲೇ "ಕುಂಡ್ರಲೇ!" ಎಂದು ಗದರಿಸಿದ್ದು ನನ್ನ ಕಿವಿಗೆ ಬಿತ್ತು. ಈ ಊರಿನಲ್ಲಿ ನಾನು ಗೆದ್ದದ್ದು ಏನಾದರೂ ಇದ್ದರೆ ಅದೊಂದು.

ದೇಶದ ಪಾಠ ಮಾತ್ರ ಮುಂದೆ ಸಾಗಲಿಲ್ಲ. ನಮ್ಮ ದೇಶ ಯಾವುದು ಎಂದು ಕೇಳಿದರೆ ಒಟ್ಟಾಗಿ "ಕಾಕ್ಸ್ ಟೌನ್!" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡದು ಎಂದೆ. "ಫ್ರೇಜರ್ ಟೌನ್!" ಅದಕ್ಕಿಂತಲೂ ದೊಡ್ಡದು ಎಂದೆ. ಗೋಪಿ ಎಂಬ ಹುಡುಗ ಬಹಳ ಯೋಚಿಸಿ, "ಕಂಟೋನ್ಮೆಂಟ್ ಸ್ಟೇಷನ್" ಎಂದ. ಗದಗಿನ ಮಕ್ಕಳು ಭಾರತ ಎಂದು ಕೂಡಲೇ ಹೇಳುತ್ತಿದ್ದರು. ಅವರಿಗೆ ಅರ್ಥವಾಗಿತ್ತೋ, ಬಾಯಿಪಾಠವಾಗಿತ್ತೋ, ನಾನು ಅಲ್ಲಿ ಎಂದೂ ಕೇಳಿಕೊಂಡಿರಲಿಲ್ಲ.

ಕೇಳಿ ತಿಳಿಯದ್ದನ್ನು ಕಣ್ಣಿಗೆ ಕಾಣಿಸಬೇಕು. ಅದಕ್ಕೆ ನಮ್ಮ ಗದಗಿನ ಪದ್ಧತಿ ಇತ್ತಲ್ಲ. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಒಬ್ಬೊಬ್ಬ ಹುಡುಗಿ ಒಂದೊಂದು ರಾಜ್ಯ. ಆ ರಾಜ್ಯದ ಉಡುಪು ತೊಟ್ಟು, ಕೊರಳಿಗೆ ಹೆಸರಿನ ರಟ್ಟು ತೂಗಿಸಿಕೊಂಡು ಊರು ಸುತ್ತುವುದು. ಹಾಜರಿ ಪಟ್ಟಿಯ ಪ್ರಕಾರ ಹಂಚುತ್ತಿದ್ದೆ. ಗಾಣದವರ ಮಗಳು ಪಂಜಾಬ್, ಕುಲಕರ್ಣಿಯವರ ಮಗಳು ನಾಗಾಲ್ಯಾಂಡ್. ಯಾಕೆ ಎಂದು ಯಾರೂ ಕೇಳಿದವರಲ್ಲ. ಇಲ್ಲಿ ನನಗೆ ಅದಕ್ಕಿಂತ ಒಳ್ಳೆಯ ಅವಕಾಶ ಕಂಡಿತು. ಎಲ್ಲ ಕಡೆಯ ಮಕ್ಕಳೂ ಇಲ್ಲೇ ಇದ್ದಾರೆ, ಅವರವರ ರಾಜ್ಯ ಅವರಿಗೇ ಕೊಟ್ಟರಾಯಿತು ಎಂದುಕೊಂಡೆ. ಹಲಸೂರಿನ ಸೆಲ್ವಿಗೆ ಮದರಾಸು. ಭಾಷೆಯಿಂದ ಗೊತ್ತುಮಾಡಲು ಆಗದವರಿಗೆ ಮುಖ ನೋಡಿ ಹಂಚಿದೆ, ಬೆಳ್ಳಗಿದ್ದ ಷಾಹಿದಾಗೆ ಕಾಶ್ಮೀರ ಬಂತು. ಮಂಗಳವಾರ ರಟ್ಟುಗಳು ಮಕ್ಕಳ ಕೊರಳಲ್ಲಿ ಮನೆಗೆ ಹೋದವು. ಬುಧವಾರ ಬೆಳಿಗ್ಗೆ ಹಿರಿಯರ ಜೊತೆ ವಾಪಸು ಬಂದವು.

"ಏನು ಟೀಚರಮ್ಮ, ನಮ್ಮನ್ನ ಮದರಾಸಿಗೆ ಓಡಿಸ್ತಾ ಇದ್ದೀರಾ?" ಎಂದಳು ಸೆಲ್ವಿಯ ತಾಯಿ. "ನಮ್ಮ ತಾತನ ಕಾಲದಿಂದ ಹಲಸೂರು ಕೆರೆ ಪಕ್ಕ ಇದ್ದೀವಿ. ನಾನು ಮದರಾಸು ನೋಡೇ ಇಲ್ಲ. ನೀವು ನೋಡಿದ್ದೀರಾ?"

ನಾನೂ ನೋಡಿರಲಿಲ್ಲ.

ಷಾಹಿದಾಳ ತಂದೆ ಶಿವಾಜಿನಗರದಲ್ಲಿ ಟೈಲರ್. ಅವರು ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಮರ್ಯಾದೆಯಿಂದ ಮೇಜಿನ ಮೇಲಿಟ್ಟರು. "ಅಮ್ಮಾ, ಕಾಶ್ಮೀರದಲ್ಲಿ ಚಳಿ ಜಾಸ್ತಿ ಅಂತೆ. ನಮ್ಮದು ಕೋಲಾರ. ಮಗೂಗೆ ಮೈಸೂರೇ ಕೊಟ್ಬಿಡಿ."

"ಎಲ್ಲರಿಗೂ ಮೈಸೂರು ಕೊಟ್ರ ಉಳಿದ ಭಾರತ ಯಾರ್ರೀ ಆಗ್ಬೇಕು?" ಎಂದೆ.

"ಅದು ನಿಮ್ಮ ಕೆಲಸ ಟೀಚರಮ್ಮ" ಎಂದಳು ಸೆಲ್ವಿಯ ತಾಯಿ. ಎಲ್ಲರೂ ನಕ್ಕರು. ಸಂಜೆ ನಾಲ್ಕಕ್ಕೆ ಮಕ್ಕಳೊಂದಿಗೆ ಬನ್ನಿ, ಏನಾದರೊಂದು ಹೇಳುತ್ತೇನೆ ಎಂದು ಅವರನ್ನು ಕಳುಹಿಸಿದೆ.

ಆಗ ಪ್ಯಾನ್ಸಿ ಎದುರು ಬಂದು ನಿಂತಳು. ಆಂಗ್ಲೋ-ಇಂಡಿಯನ್ ಮನೆಯ ಮಗು, ಕಂದು ಕೂದಲು, ಸದಾ ಕೆಳಗೆ ಜಾರುವ ಕಾಲುಚೀಲ. "ಟೀಚರ್, ನನ್ನ ಬೋರ್ಡ್ ಎಲ್ಲಿ?"

ಅವಳಿಗೆ ಬೋರ್ಡು ಬರೆದಿರಲಿಲ್ಲ. ಯಾವ ರಾಜ್ಯ ಎಂದು ಹೊಳೆಯದೆ, ಮುಂದೆ ಧ್ವಜ ಹಿಡಿಯಲಿ ಎಂದುಕೊಂಡಿದ್ದೆ. ಅದನ್ನೇ ಹೇಳಿದೆ.

"ಒಳಗೆ ಎರಡು ಬೋರ್ಡ್ ಖಾಲಿ ಇದೆಯಲ್ಲ ಟೀಚರ್? ನಾನು ನೋಡಿದೆ."

ಇದ್ದವು. ರಾಜಸ್ಥಾನ, ನಾಗಾಲ್ಯಾಂಡ್. ಯಾವ ಮಗುವಿನ ಮುಖವೂ ಒಪ್ಪಲಿಲ್ಲವೆಂದು ಎತ್ತಿಟ್ಟಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಗೋಪಿ ಕೂಗಿದ: "ಅವಳು ಆಸ್ಟ್ರೇಲಿಯಾ ಟೀಚರ್! ಅವರ ಅಂಕಲ್ ಹಡಗಲ್ಲಿ ಹೋದ್ರು, ಇವಳೂ ಹೋಗ್ತಾಳೆ!"

ಪ್ಯಾನ್ಸಿ ಅಳಲಿಲ್ಲ. ಕಾಲುಚೀಲ ಮೇಲೆಳೆದುಕೊಂಡು, ಕನ್ನಿಯಮ್ಮನ ಕೈ ಹಿಡಿದು, ಮನೆಗೆ ಬಿಡು ಎಂದಳು.

ಹನ್ನೆರಡಕ್ಕೆ ಶಾಲೆ ಬಿಟ್ಟಿತು. ಊಟಕ್ಕೆ ಹೋಗದೆ ನೇರ ಅವರ ಮನೆಗೆ ಹೋದೆ. ಅಜ್ಜಿ ಮಿಸೆಸ್ ಹ್ಯಾರಿಸ್ ವರಾಂಡದಲ್ಲಿ ಬಟಾಣಿ ಸುಲಿಯುತ್ತಿದ್ದರು. ಅವರ ಗಂಡ ರೈಲಿನ ಡ್ರೈವರ್ ಆಗಿದ್ದವರು, ತೀರಿಕೊಂಡಿದ್ದರು. ಹಿರಿಯ ಮಗ ದೇಶ ಬಿಟ್ಟಿದ್ದ. ಕಿರಿಯ ಮಗ, ಅಂದರೆ ಪ್ಯಾನ್ಸಿಯ ತಂದೆ, ಹೋಗುವುದೋ ಇರುವುದೋ ಎಂಬ ಯೋಚನೆಯಲ್ಲಿದ್ದ.

"ಕೂತ್ಕೊಳ್ಳಿ ಟೀಚರಮ್ಮ" ಎಂದರು, ಮುಖ ಎತ್ತದೆ. "ದಿನಾ ರಾತ್ರಿ ಈ ಮಗು ಕೇಳುತ್ತೆ, ನಾನಾ, ನಾವು ಎಲ್ಲಿಯವರು ಅಂತ." ನಾನಾ ಎಂದರೆ ಅವರಲ್ಲಿ ಅಜ್ಜಿ. "ನಾನು ಹೇಳ್ತೀನಿ, ಇಲ್ಲಿಯವರೇ. ನಿನ್ ಗ್ರ್ಯಾಂಡ್‌ಪಾ ಇಲ್ಲೇ ಇಂಜಿನ್ ಓಡಿಸಿದ್ದು, ಇಲ್ಲೇ ಮಣ್ಣಲ್ಲಿ ಮಲಗಿರೋದು. ಇವತ್ತು ಬಂದು ಹೇಳ್ತಾಳೆ, ಟೀಚರ್ ಹತ್ರ ನಮ್ಮ ಬೋರ್ಡೇ ಇಲ್ಲ ನಾನಾ, ನೀನು ಸುಳ್ಳು ಹೇಳಿದೆ. ಇನ್ನು ನಾನು ಏನ್ ಹೇಳ್ಲಿ?"

ಒಂದು ಹಿಡಿ ಬಟಾಣಿ ತೆಗೆದುಕೊಂಡು ನಾನೂ ಸುಲಿಯತೊಡಗಿದೆ. ಅವರೇ ಕೇಳಿದರು: "ನಿಮ್ ಊರಲ್ಲಿ ಈ ಬೋರ್ಡ್ ಹೆಂಗೆ ಹಂಚ್ತಿದ್ರಿ?"

"ಹಾಜರಿ ಪಟ್ಟಿ ನೋಡಿ. ಯಾರಿಗೆ ಯಾವುದು ಬಂದ್ರ ಅದು."

"ನಿಮಗೆ ಯಾವ್ದು ಬಂತು?"

"ಟೀಚರಿಗೆ ಎಲ್ಲಿ ಬರ್ತದ್ರಿ" ಎಂದೆ. ಹಾಗೆನ್ನುವಾಗಲೇ ನನಗೆ ಹೊಳೆಯಿತು. ನಮ್ಮ ಗದಗಿನ ಹುಡುಗಿಯರು ಪಂಜಾಬ್ ಆದದ್ದು ಪಂಜಾಬಿನವರೆಂದಲ್ಲ. ದೇಶ ಎಲ್ಲರದೂ ಎಂದು. ಯಾರ ಮನೆಯವರು ಎಲ್ಲಿಂದ ಬಂದರು ಎಂದು ಕೇಳುವುದು ಆ ಆಟದಲ್ಲೇ ಇರಲಿಲ್ಲ. ಅದನ್ನು ಇಲ್ಲಿ ಸೇರಿಸಿದವಳು ನಾನು. "ನಾಲ್ಕಕ್ಕ ಹುಡುಗೀನ ಕಳಸ್ರಿ" ಎಂದು ಎದ್ದೆ.

"ಕೇಳಿ ನೋಡ್ತೀನಿ. ಅವಳು ಬಂದ್ರೆ ಬಂದಳು" ಎಂದರು ಮಿಸೆಸ್ ಹ್ಯಾರಿಸ್.

ನಾಲ್ಕಕ್ಕೆ ಬಿಸ್ಕತ್ತಿನ ಡಬ್ಬಿಯಲ್ಲಿ ಹದಿನೇಳು ರಾಜ್ಯಗಳ ಚೀಟಿ ಹಾಕಿ ಅಂಗಳದಲ್ಲಿಟ್ಟೆ. ಚೀಟಿಯಲ್ಲಿ ಬಂದದ್ದೇ ಮಗುವಿನ ರಾಜ್ಯ, ಬದಲಾಯಿಸುವಂತಿಲ್ಲ ಎಂದೆ. ಲಾಟರಿ ಎಂದರೆ ಯಾರಿಗೆ ಬೇಡ? ಹಿರಿಯರು ಮಕ್ಕಳಿಗಿಂತ ಮುಂದೆ ನುಗ್ಗಿದರು. ಸೆಲ್ವಿಗೆ ಕಾಶ್ಮೀರ ಬಂತು. ಅವಳ ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕು, "ಅಯ್ಯೋ, ಅವರಪ್ಪನ ಮಂಕಿ ಟೋಪಿ ಇದೆ ಬಿಡಿ" ಎಂದಳು. ಷಾಹಿದಾಗೆ ಪಂಜಾಬ್. "ಪೈಜಾಮ ನಮ್ಮಲ್ಲಿ ಬೇಕಾದಷ್ಟು" ಎಂದರು ಟೈಲರ್ ಸಾಹೇಬರು. ಗೋಪಿಗೆ ಅಸ್ಸಾಂ. ಅದು ಎಲ್ಲಿದೆ ಎಂದು ಅವನು ಕೇಳಿದ. ದೇಶದ ಬಗ್ಗೆ ನನ್ನ ತರಗತಿಯಲ್ಲಿ ಒಂದು ಮಗು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಹದಿನೈದು ಮಕ್ಕಳು ಮುಗಿದರು. ಡಬ್ಬಿಯಲ್ಲಿ ಎರಡು ಚೀಟಿ. ಪ್ಯಾನ್ಸಿ ಬಂದಿರಲಿಲ್ಲ.

"ಇನ್ನೂ ಮೈಸೂರು ಬರ್ಲಿಲ್ಲ!" ಎಂದು ಕನ್ನಿಯಮ್ಮ ಕೂಗಿದಳು. ಗದ್ದಲವೆದ್ದಿತು. ಇನ್ನೊಂದು ಸಲ ಎತ್ತಿಸಿ ಎಂದವರೂ ಇದ್ದರು. ನಾನು ಡಬ್ಬಿಯ ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟು ಕೂತೆ. ನನ್ನ ಕಣ್ಣು ಗೇಟಿನ ಕಡೆ. ಮೂವತ್ತು ವರ್ಷ ಸಮಯಕ್ಕೆ ಸರಿಯಾಗಿ ಗಂಟೆ ಹೊಡೆಸಿದವಳು ಅಂದು ಹೊಡೆಸಲಿಲ್ಲ.

ಗೇಟು ಕಿರುಗುಟ್ಟಿತು. ಮೊದಲು ಅಜ್ಜಿಯ ಕೊಡೆ, ಅದರ ಹಿಂದೆ ಜಾರಿದ ಕಾಲುಚೀಲ.

"ಬಾ ಅವ್ವಾ, ನಿನ್ನ ಸಲುವಾಗಿ ಕುಂತೇನಿ" ಎಂದೆ.

ಪ್ಯಾನ್ಸಿ ಕಣ್ಣು ಮುಚ್ಚಿ ಕೈಹಾಕಿದಳು. ಚೀಟಿ ಬಿಚ್ಚಿ ನಾನು ಓದಿದೆ: ರಾಜಸ್ಥಾನ.

"ಅಲ್ಲಿ ಏನು ಹಾಕ್ಕೊತಾರೆ?" ಎಂದಳು.

"ದೊಡ್ಡ ಘೇರಿನ ಲಂಗ. ತಿರುಗಿದ್ರ ಕೊಡೆ ಬಿಚ್ಚಿದಂಗ ಕಾಣಸ್ತದ."

ಪ್ಯಾನ್ಸಿ ಅಜ್ಜಿಯನ್ನು ನೋಡಿದಳು. ಅಜ್ಜಿ ನಕ್ಕರು. ಅಂದು ನಾನು ಕಂಡ ಅವರ ಮೊದಲ ನಗು. "ನನ್ನ ಡ್ಯಾನ್ಸ್ ಗೌನ್ ಇದೆ ಟೀಚರಮ್ಮ. ಕೆಂಪು ಸ್ಯಾಟಿನ್. ಹಾಕ್ಕೊಂಡು ಇಪ್ಪತ್ತು ವರ್ಷ ಆಯ್ತು."

"ಮಿಕ್ಕಿದ್ದು ಟೀಚರಮ್ಮಂಗೆ!" ಎಂದು ಕನ್ನಿಯಮ್ಮ ಕೊನೆಯ ಚೀಟಿಯನ್ನು ಬಿಚ್ಚದೆಯೇ ನನ್ನ ಕೈಗೆ ತುರುಕಿದಳು. ಬಿಚ್ಚಿ ನೋಡಬೇಕಾಗಿರಲಿಲ್ಲ. ಹನ್ನೊಂದು ಮನೆಯವರು ಜಗಳವಾಡಿದ ಮೈಸೂರು, ಕಳೆದ ವರ್ಷ ರೈಲಿಳಿದು ಬಂದ ನನ್ನ ಪಾಲಿಗೆ ಬಂದಿತ್ತು.

ಐದರಿಂದ ಆರೂವರೆಯವರೆಗೆ ಮಿಸೆಸ್ ಹ್ಯಾರಿಸರ ವರಾಂಡದಲ್ಲಿ ಹೊಲಿಗೆ. ಅವರು ಕತ್ತರಿಸಿದರು, ನಾನು ಅಂಚು ಮಡಿಸಿ ಹೊಲಿದೆ. ಷಾಹಿದಾಳ ತಂದೆ ಸೈಕಲ್ಲಿನಲ್ಲಿ ಬಂದು ಜರಿಯ ಪಟ್ಟಿಯೊಂದನ್ನು ಕೊಟ್ಟು, ನನ್ನ ಹೊಲಿಗೆ ನೋಡಿ ಏನೂ ಅನ್ನದೆ ಹೋದರು. ಅದು ಅವರ ದೊಡ್ಡತನ. ಪ್ಯಾನ್ಸಿ ತೊಟ್ಟು ತಿರುಗಿದಳು, ಕೊಡೆ ಬಿಚ್ಚಿತು. "ನಾಳೆ ಎಷ್ಟೊತ್ತಿಗೆ ಬರ್ಬೇಕು ಟೀಚರ್?" ಎಂದು ಕೇಳಿದಳು. ಏಳಕ್ಕೆ ಎಂದೆ. ಅವಳ ತಂದೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಹೋಗುತ್ತಾನೋ ಇರುತ್ತಾನೋ ನನಗೆ ತಿಳಿಯದು. ನಾಳೆಯಂತೂ ಅವನ ಮಗಳು ಸಾಲಿನಲ್ಲಿ ಇರುತ್ತಾಳೆ. ಅಷ್ಟು ಸಾಕಾಗಿತ್ತು, ಎದೆ ಹಗುರವಾಯಿತು.

ಹೊರಡುವಾಗ ಗೇಟಿನಲ್ಲಿ ಸೆಲ್ವಿಯ ತಾಯಿ ಸಿಕ್ಕಳು. "ಮೈಸೂರು ಅಂದ್ರೆ ಮೈಸೂರು ಸಿಲ್ಕ್ ಉಡಬೇಕು ಟೀಚರಮ್ಮ. ಇದೆಯಾ, ನಂದು ಕೊಡ್ಲಾ?"

"ಇಲಕಲ್ ಸೀರಿ ಐತಿ" ಎಂದೆ.

"ಅದು ಮೈಸೂರಾ?"

"ಅದೂ ಮೈಸೂರು ರಾಜ್ಯನ ಈಗ."

ಈಗ ಎಂಬ ಮಾತು ನನಗರಿಯದೆ ಬಂತು. ನಾನು ಓದಿದ ಕಾಲಕ್ಕೆ ನಮ್ಮದು ಮುಂಬಯಿ ಪ್ರಾಂತ. ನಾನು ಗದಗಿನಲ್ಲೇ ಇದ್ದೆ, ರಾಜ್ಯ ಬದಲಾಯಿತು. ಆಮೇಲೆ ನಾನೇ ಗದಗು ಬಿಟ್ಟು ಬಂದೆ. ಸೆಲ್ವಿಯ ತಾಯಿ ತಲೆದೂಗಿ, "ಹಾಗಾದ್ರೆ ಸರಿ, ಉಟ್ಕೊಳ್ಳಿ" ಎಂದಳು. ಹಲಸೂರಿನವರ ಒಪ್ಪಿಗೆ ಸಿಕ್ಕಿತು.

ಮನೆಗೆ ಬಂದು ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬಿದೆ. ಗದಗಿನಿಂದ ತಂದ ಮೇಲೆ ಒಮ್ಮೆಯೂ ಉಡದೆ ಟ್ರಂಕಿನ ತಳದಲ್ಲಿದ್ದ ಸೀರೆ. ಕೆಂಪು ಸೆರಗನ್ನು ಕೊನೆಗೆ ತೀಡಿದೆ. ಅದರ ಮೇಲೆ ಮೈಸೂರಿನ ರಟ್ಟು ಇಟ್ಟೆ, ದಾರ ಗಟ್ಟಿಯಿದೆಯೇ ಎಂದು ಎಳೆದು ನೋಡಿದೆ. ಗಟ್ಟಿಯಿತ್ತು. ಇದ್ದಿಲು ಚೆಲ್ಲಿ, ನೀರು ಹಾಕಿ, ಪೆಟ್ಟಿಗೆಯನ್ನು ಮೂಲೆಗಿಟ್ಟೆ.