ಹೊಳೆಯದ ಜಾಕೆಟ್

ದೆವ್ವ ಕಂಡೆ, ದೇವರು ಕಂಡ ಎನ್ನುವವರನ್ನು ಮುಖದ ಮೇಲೇ ಗೇಲಿ ಮಾಡಿದವನು ನಾನು. ಈಗಲೂ ಮಾಡುತ್ತೇನೆ. ಹಾಗಿದ್ದೂ ಈ ಒಂದು ಸಂಜೆಯ ವಿಷಯದಲ್ಲಿ ಯಾರಾದರೂ ನನ್ನನ್ನು ಗೇಲಿ ಮಾಡಿದರೆ ಸುಮ್ಮನಿರುವವನಲ್ಲ.

ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳು ಅವು. ಅಂಕೋಲೆಯಿಂದ ಕಾರವಾರದ ಕಡೆಗೆ ಹೆದ್ದಾರಿಯ ಹೊಂಡ ಮುಚ್ಚುವ ಏಳು ಜನರ ಗ್ಯಾಂಗಿಗೆ ನಾನು ಸೂಪರ್‌ವೈಸರ್. ಅವರಲ್ಲಿ ಹಿರಿಯಳು ನಮ್ಮ ಬೊಬ್ರುವಾಡದ ಬೀರಕ್ಕ. ಕೆಲಸದ ಜಾಗಕ್ಕಿಂತ ಐವತ್ತು ಮಾರು ಹಿಂದೆ ರಸ್ತೆಯ ಮೇಲೆ ಒಂದು ಹಸಿರು ಟೊಂಗೆ ಇಡುವುದು ಅವಳ ರೂಢಿ. ಟೊಂಗೆ ಕಂಡರೆ ಲಾರಿಯವರು ನಿಧಾನಿಸುತ್ತಿದ್ದರು. ಆಮೇಲೆ ಮೇಲಿನಿಂದ ಆದೇಶ ಬಂತು: ಎಲ್ಲರಿಗೂ ದೀಪಕ್ಕೆ ಹೊಳೆಯುವ ಪಟ್ಟಿಯ ಜಾಕೆಟ್. "ಇನ್ನು ಟೊಂಗೆ ಗಿಂಗೆ ಬೇಡ ಬೀರಕ್ಕ" ಎಂದವನು ನಾನೇ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಜಾಕೆಟ್ ಪೂರೈಸುವ ಗುತ್ತಿಗೆದಾರ ಅವನ್ನು ತೋರಿಸಿದ್ದು ಮಟಮಟ ಮಧ್ಯಾಹ್ನ, ಕಚೇರಿಯ ಜಗಲಿಯಲ್ಲಿ ಹರಡಿ. ಬಿಸಿಲಿಗೆ ಪಟ್ಟಿಗಳು ಥಳಥಳಿಸಿದವು. ಎಲ್ಲರೂ ತಲೆಯಾಡಿಸಿದೆವು. ಕತ್ತಲಲ್ಲಿ ದೀಪ ಹಾಯಿಸಿ ನೋಡಬೇಕೆಂದು ಒಬ್ಬರೂ ಯೋಚಿಸಲಿಲ್ಲ. ಗ್ಯಾಂಗಿಗೆ ಜಾಕೆಟ್ ಹಂಚಿಯಾಗಿತ್ತು; ಗುಣಮಟ್ಟ ಸರಿಯಿದೆ ಎಂಬ ಕಾಗದಕ್ಕೆ ನನ್ನ ಸಹಿ ಮಾತ್ರ ಬಾಕಿ ಇತ್ತು.

ದಸರೆ ಕಳೆದರೂ ಮಳೆ ಬಿಟ್ಟಿರಲಿಲ್ಲ. ಅಂದು ಮೋಡ ಕವಿದು ಆರಕ್ಕೇ ಕತ್ತಲಾಯಿತು, ಕರೆಂಟೂ ಹೋಯಿತು. ಕಚೇರಿಯಲ್ಲಿ ಟಾರ್ಚ್ ಹಚ್ಚಿದಾಗ ಬೆಳಕು ಗೂಟದಲ್ಲಿದ್ದ, ನನ್ನ ಪಾಲಿನ ಎಂಟನೆಯ ಜಾಕೆಟ್ಟಿನ ಮೇಲೆ ಬಿತ್ತು. ಪಟ್ಟಿ ಬೂದಿಯ ಹಾಗೆ ಮಂಕಾಗಿತ್ತು. ಬೆಳ್ಳಿ ಬಣ್ಣದ ಬರಿ ರಿಬ್ಬನ್ ಹೊಲಿದು ಕೊಟ್ಟಿದ್ದ ಪುಣ್ಯಾತ್ಮ! ಗ್ಯಾಂಗು ಇನ್ನೂ ರಸ್ತೆಯಲ್ಲಿತ್ತು, ಟೊಂಗೆಯೂ ಇರಲಿಲ್ಲ.

ಬೈಕ್ ಸ್ಟಾರ್ಟ್ ಆಗಲಿಲ್ಲ. ಸಿಕ್ಕ ಅದಿರು ಲಾರಿಗೆ ಕೈ ಅಡ್ಡ ಹಿಡಿದು ಹತ್ತಿದೆ. ಬೇಲೆಕೇರಿ ತಿರುವಿನ ಹತ್ತಿರ ನಿಧಾನ ಮಾಡಬೇಕೆಂದು ಹೊಸಪೇಟೆ ಕಡೆಯ ಆ ಡ್ರೈವರನಿಗೆ ಹೇಳಿದೆ. ಗ್ಯಾಂಗು ತಿರುವು ಬಿಟ್ಟು ಅರ್ಧ ಮೈಲು ಈಚೆಗೆ ಬಂದದ್ದು ನನಗೆ ಗೊತ್ತಿರಲಿಲ್ಲ.

ಇದ್ದಕ್ಕಿದ್ದಂತೆ ಲಾರಿಯ ಬೆಳಕಿನಲ್ಲಿ ಒಂದು ಜಾಕೆಟ್ ಕಂಡಿತು. ಎದೆಗೆ ಎರಡು ಪಟ್ಟಿ, ಸೊಂಟಕ್ಕೊಂದು, ಕಣ್ಣು ಕುಕ್ಕುವಷ್ಟು ಬಿಳಿ. ಒಂದು ಕೈ ಮೇಲೆತ್ತಿತ್ತು. ಮುಖ ಕಾಣಲಿಲ್ಲ. ಡ್ರೈವರ್ ಬ್ರೇಕ್ ತುಳಿದ. ಲಾರಿ ಜಾರಿಕೊಂಡು ಹೋಗಿ ನಿಂತಾಗ ಎದುರಿಗೆ ಎರಡೇ ಮಾರು ದೂರದಲ್ಲಿ ಬೀರಕ್ಕ ಜಲ್ಲಿಯ ಬುಟ್ಟಿ ಹಿಡಿದು ಬಗ್ಗಿದ್ದಳು.

"ಕೈ ಎತ್ತಿ ನಿಂತಿದ್ಲಲ್ರೀ, ಆಕಿ ಎಲ್ಲಿ ಹೋದ್ಲು?" ಡ್ರೈವರ್ ಕೆಳಗೆ ಹಾರಿ ಸುತ್ತ ಹುಡುಕಿದ.

"ಯಾರೂ ನಿಂತಿಲ್ಲಾಗಿತ್ತು ತಮಾ," ಬೀರಕ್ಕ ನನಗೆ ಹೇಳಿದಳು. "ಎಲ್ಲರೂ ಬಗ್ಗಿದಲ್ಲೇ ಇದ್ದಿದ್ವು."

ಏಳೂ ಜನರನ್ನು ಒಬ್ಬೊಬ್ಬರಾಗಿ ಲಾರಿಯ ದೀಪದ ಎದುರು ನಿಲ್ಲಿಸಿ ನೋಡಿದೆ. ಏಳೂ ಜಾಕೆಟ್ ಬೂದಿ.

ಸುದ್ದಿ ಗುತ್ತಿಗೆದಾರನಿಗೆ ಮುಟ್ಟಿತು. ಮರುದಿನ ನಗುತ್ತಲೇ ಕಾಗದ ಮುಂದೆ ಸರಿಸಿದ. "ಹೊಳೆದದ್ದು ನೀವೇ ನೋಡಿದ್ರಲ್ಲ ಮಾರಾಯ್ರೆ! ಇನ್ನೆಂಥ ಪರೀಕ್ಷೆ ಬೇಕು?"

"ಹೊಳೆದದ್ದು ನಿಮ್ಮ ಬಟ್ಟೆಯಲ್ಲ" ಎಂದೆ.

"ಹಾಗಾದ್ರೆ ಎಂಥದು?"

"ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಸಹಿ ಹಾಕೂದಿಲ್ಲ."

ತಿಂಗಳೊಳಗೆ ನನ್ನನ್ನು ಜೋಯಿಡಾದ ಕಡೆಗೆ ಎತ್ತಿ ಹಾಕಿದರು. ಹಾಕಲಿ. ಬೀರಕ್ಕ ಮರುದಿನದಿಂದಲೇ ಮತ್ತೆ ಟೊಂಗೆ ಇಡತೊಡಗಿದ್ದಳು, ನನಗೆ ಅಷ್ಟು ಸಾಕಿತ್ತು.

ಡ್ರೈವರನೂ ನಾನೂ ಒಟ್ಟಿಗೇ ಕಂಡದ್ದು ಏನೆಂದು ಇಂದಿಗೂ ನನಗೆ ತಿಳಿದಿಲ್ಲ. ಮಳೆನೀರಿನ ಮೇಲಿನ ಬೆಳಕು ಎಂದು ಕೆಲವರು ವಿವರಿಸಿದರು. ಮಳೆನೀರು ಕೈ ಎತ್ತಿ ನಿಲ್ಲುತ್ತದೆಯೇ? ಆ ಎಂಟನೆಯ ಜಾಕೆಟ್ ನನ್ನ ಮನೆಯಲ್ಲಿದೆ. ಕರೆಂಟು ಹೋದಾಗಲೆಲ್ಲ ಅದರ ಮೇಲೆ ಟಾರ್ಚ್ ಬಿಟ್ಟು ನೋಡುತ್ತೇನೆ. ಒಮ್ಮೆಯೂ ಹೊಳೆದಿಲ್ಲ. ಹೊಳೆದರೂ ಸಹಿ ಹಾಕುವುದಿಲ್ಲ.