ಎಡಗಾಲಪ್ಪನ ನಡಿಗೆ ಸಾಲು

ಮಕ್ಕಳ ಶೂ ಮಾರುವ ಅಂಗಡಿಯವನಿಗೆ ಪೇಟೆಯವರು ಇಟ್ಟ ಹೆಸರು ಎಡಗಾಲಪ್ಪ. ಸುಮ್ಮನೆ ಇಟ್ಟದ್ದಲ್ಲ. ಅವನ ಅಂಗಡಿಯ ಹೊರಗಿನ ಹಲಗೆಯ ಮೇಲೆ ಎಡಗಾಲಿನ ಶೂಗಳು ಮಾತ್ರ ಕೂತಿರುತ್ತಿದ್ದವು. ಬಲಗಾಲಿನವು ಒಳಗೆ ಡಬ್ಬದಲ್ಲಿ. ಒಂಟಿ ಶೂ ಕದ್ದು ಯಾವ ಕಳ್ಳನೂ ಉದ್ಧಾರವಾಗುವುದಿಲ್ಲ ಎಂಬುದು ಅವನ ಸಿದ್ಧಾಂತ. ಮೂವತ್ತೆರಡು ವರ್ಷದಲ್ಲಿ ಒಂದು ಜೋಡಿಯೂ ಕಳುವಾಗಿರಲಿಲ್ಲ. ಆದರೂ ಬಾಗಿಲು ಹಾಕುವ ಮುಂಚೆ ದಿನವೂ ಹೊರಗಿನ ಎಡಗಾಲುಗಳನ್ನು ಎಣಿಸುತ್ತಿದ್ದ. ಎಡಗಾಲು ನಲವತ್ತಿದ್ದರೆ ಜೋಡಿ ನಲವತ್ತು. ಒಳಗಿನದನ್ನು ಎಣಿಸುವ ಪ್ರಸಂಗವೇ ಬಂದಿರಲಿಲ್ಲ.

ಹೆದರಿಕೆ ಅವನಿಗೆ ಹುಟ್ಟಿನಿಂದ ಬಂದದ್ದು. ಹಗ್ಗ ಕಂಡರೂ ಹಾವು ಅನ್ನುವ ಪೈಕಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಹೋಗಿ ನೋಡುವವನು, ಅಂಗಡಿಗೆ ಬೀಗ ಜಡಿದ ಮೇಲೆ ಅದನ್ನು ಮೂರು ಸಲ ಜಗ್ಗುವವನು. ನಾಲ್ಕನೆಯ ಸಲ ಜಗ್ಗಿದರೆ ಬೀಗವೇ ಬೇಸತ್ತು ಬಿಚ್ಚಿಕೊಳ್ಳುತ್ತದೆ ಎಂದು ಪಕ್ಕದ ಗಡಿಯಾರ ರಿಪೇರಿಯವನು ಆಡಿಕೊಳ್ಳುತ್ತಿದ್ದ.

ಇಂಥವನ ಮನೆಗೆ ಮೊಮ್ಮಗಳ ಶಾಲೆಯಿಂದ ಅರ್ಧವರ್ಷದ ಸುದ್ದಿಪತ್ರ ಬಂತು. ಮೇಲಿನ ಅರ್ಧದಲ್ಲಿ ಸಮಾಚಾರ: ಗ್ರಂಥಾಲಯದ ಸೋರುವ ಮೂಲೆ ರಿಪೇರಿಯಾಗಿದೆ, ಎರಡನೇ ತರಗತಿಯ ಪೋಷಕರ ಸಭೆ ಮುಂದಿನ ತಿಂಗಳು, ಹದಿನೇಳು ನೀರಿನ ಬಾಟಲಿಗಳು ಕೇಳುವವರಿಲ್ಲದೆ ಆಫೀಸಿನಲ್ಲಿ ಬಿದ್ದಿವೆ, ದಯವಿಟ್ಟು ಒಯ್ಯಿರಿ. ಕೆಳಗಿನ ಅರ್ಧದಲ್ಲಿ ಕೋರಿಕೆ: ಪುಸ್ತಕಗಳಿಗೆ ರಟ್ಟು ಹಾಕಲು ಜನ ಬೇಕು, ಆಟದ ದಿನ ನೀರು ಕೊಡಲು ಜನ ಬೇಕು. ನೀರಿನ ಪೈಪಿಗಾಗಿ ರಸ್ತೆ ಅಗೆದಿರುವುದರಿಂದ ಶಾಲೆಯ ವ್ಯಾನು ಬೇಕರಿ ಮೂಲೆಯಲ್ಲೇ ನಿಲ್ಲುತ್ತದೆ; ಅಲ್ಲಿಂದ ಗೇಟಿನವರೆಗೆ ಮಕ್ಕಳನ್ನು ನಡೆಸಿಕೊಂಡು ಬರಲು ಮಂಗಳವಾರ, ಗುರುವಾರ ಇಬ್ಬರು ಹಿರಿಯರು ಬೇಕು.

"ಮಾವ, ನಿಮ್ಮ ಹೆಸರು ಬರೆದು ಕಳಿಸಿದೀನಿ," ಎಂದಳು ಸೊಸೆ, ತಟ್ಟೆ ಒರೆಸುತ್ತ.

"ಯಾವುದಕ್ಕೆ? ರಟ್ಟು ಹಾಕೋದಕ್ಕೆ ತಾನೆ?"

"ನಡೆಸ್ಕೊಂಡು ಹೋಗೋದಕ್ಕೆ. ರಟ್ಟು ಹಾಕೋದಕ್ಕೆ ಆಗಲೇ ಜನ ತುಂಬಿದಾರೆ. ಕೂತು ಮಾಡೋ ಕೆಲಸ ಅಲ್ವಾ."

"ಬೇರೆಯವರ ಮಕ್ಕಳಮ್ಮ. ಶೂ ಆದ್ರೆ ಹೆಚ್ಚುಕಮ್ಮಿ ಆದಾಗ ಬದಲಾಯಿಸಿ ಕೊಡಬಹುದು."

"ಅದಕ್ಕೇ ನಿಮ್ಮ ಹೆಸರು ಬರೆದಿದ್ದು. ನಿಮ್ಮಷ್ಟು ಹೆದರೋರು ಈ ಬೀದೀಲಿ ಇನ್ನೊಬ್ಬರಿಲ್ಲ. ಹೆದರೋರ ಕೈಲಿ ಮಕ್ಕಳು ಕ್ಷೇಮ."

ಹೊಗಳಿದಳೋ ತೆಗಳಿದಳೋ ತಿಳಿಯಲಿಲ್ಲ. ಎಡಗಾಲಪ್ಪ ಒಪ್ಪಿಕೊಂಡ, ಅವತ್ತು ಊಟ ಸೇರಲಿಲ್ಲ.

ಇಪ್ಪತ್ತನಾಲ್ಕು ಮಕ್ಕಳು, ಇಬ್ಬಿಬ್ಬರಾಗಿ ಕೈ ಹಿಡಿದು ಹನ್ನೆರಡು ಜೋಡಿ. ಮುಂದೆ ಗಡಿಯಾರದವನು, ರಸ್ತೆಯ ಕಡೆ ಎಡಗಾಲಪ್ಪ. ಅವನು ಮೊದಲ ದಿನವೇ ಕಾನೂನು ಹೊರಡಿಸಿದ: ಕೈ ಬಿಡಬಾರದು, ಓಡಬಾರದು, ಸಾಲಿನಲ್ಲಿ ಬಾಯಿ ಬಿಡಬಾರದು. ಗಲಾಟೆಯಾದರೆ ಹಿಂದಿನಿಂದ ಬರುವ ಗಾಡಿಯ ಸದ್ದು ತನಗೆ ಕೇಳಿಸದಿದ್ದರೆ ಎಂಬ ಭಯ. ಮಕ್ಕಳು ತುಟಿ ಬಿಗಿದುಕೊಂಡು ನಡೆದವು. ಮೂರು ವಾರ ಎಲ್ಲವೂ ಸುಸೂತ್ರವಾಗಿ ಕಳೆದು, ಎಡಗಾಲಪ್ಪನಿಗೆ ಮಂಗಳವಾರದ ಬೆಳಗ್ಗೆಯೂ ತಿಂಡಿ ಹೊಟ್ಟೆಗೆ ಇಳಿಯಲು ಶುರುವಾಗಿತ್ತು.

ನಾಲ್ಕನೆಯ ವಾರದ ಮಂಗಳವಾರ ಗಡಿಯಾರದವನು ಬರಲಿಲ್ಲ. ಊರಿಗೆಲ್ಲ ಸಮಯ ಸರಿ ಮಾಡಿಕೊಡುವವನು ತಾನು ಎದ್ದದ್ದೇ ತಡವಾಗಿ. "ಹತ್ತು ನಿಮಿಷ ನಿಲ್ಲಿಸಿಕೊಂಡಿರು, ಬಂದೆ," ಎಂದು ಫೋನು ಮಾಡಿದ. ಅವನ ಹತ್ತು ನಿಮಿಷ ಎಷ್ಟು ಉದ್ದ ಎಂಬುದು ಪೇಟೆಗೆಲ್ಲ ಗೊತ್ತು. ವ್ಯಾನು ಹೊರಟುಹೋಗಿತ್ತು, ಗಂಟೆ ಹೊಡೆಯುವ ಹೊತ್ತಾಗಿತ್ತು. ಎಡಗಾಲಪ್ಪ ಒಬ್ಬನೇ ಸಾಲು ಹೊರಡಿಸಿದ.

ಅಗೆದ ಗುಂಡಿಯ ಮೇಲೆ ಎರಡು ಹಲಗೆ ಹಾಸಿದ್ದರು. ಅಲ್ಲಿ ಜೋಡಿ ಬಿಡಿಸಿ ಒಬ್ಬೊಬ್ಬರನ್ನೇ ದಾಟಿಸಬೇಕು, ಆಚೆ ಮತ್ತೆ ಜೋಡಿ. ಒಬ್ಬನೇ ಇದ್ದದ್ದರಿಂದ ಈಚೆಗಿರಲೋ ಆಚೆಗಿರಲೋ ತಿಳಿಯದೆ ಅವನು ಗುಂಡಿಯ ಆಚೆ ಅಂಚಿನಲ್ಲಿ ನಿಂತು, ಕೈ ಚಾಚಿ ಒಂದೊಂದೇ ಪುಟ್ಟ ಕೈ ಹಿಡಿದು ಎಳೆದುಕೊಂಡ. ಬೆನ್ನೆಲ್ಲ ಬೆವರು. ಅಷ್ಟರಲ್ಲಿ ಮುಂದಿನವರು ನಡೆಯತೊಡಗಿದ್ದರಿಂದ ಓಡಿಹೋಗಿ ತಡೆದ. ಸಾಲು ಕೂಡಿದ ಮೇಲೆ ರಸ್ತೆಯ ಕಡೆಯಿಂದ ತಲೆ ಎಣಿಸಿದ. ಹನ್ನೆರಡು.

ಗೇಟಿನಲ್ಲಿ ಹೆಡ್‌ಮಿಸ್ಸು ರಿಜಿಸ್ಟರು ಹಿಡಿದು ನಿಂತಿದ್ದರು. "ಎಷ್ಟು, ಯಜಮಾನರೇ?"

"ಹನ್ನೆರಡು ಜೋಡಿ."

ಅವರು ಇಪ್ಪತ್ತನಾಲ್ಕು ಎಂದು ಬರೆದುಕೊಂಡು ಒಳಗೆ ಹೋದರು. ಮಕ್ಕಳು ಅಕ್ಕಿಯ ಮೂಟೆ ಬಿಚ್ಚಿದಂತೆ ಚೆಲ್ಲಾಡಿಹೋದವು. ಮೊಮ್ಮಗಳು ಮಾತ್ರ ಅಲ್ಲೇ ನಿಂತು ಅವನ ಅಂಗಿ ಜಗ್ಗಿದಳು.

"ತಾತ, ನನ್ನ ಜೋಡಿ ಬಂದಿಲ್ಲ."

"ಯಾರು?"

"ಮುತ್ತು. ಹಲಗೆ ಹತ್ರ ಕೈ ಬಿಟ್ಟಳು. ಆಮೇಲೆ ಬರಲೇ ಇಲ್ಲ."

"ಆಗಲೇ ಹೇಳೋದಲ್ವೇನೇ?"

"ಮಾತಾಡಬಾರದು ಅಂದಿದ್ದು ನೀನೇ ತಾನೆ?"

ಎಡಗಾಲಪ್ಪ ಸಾಲು ಬಂದ ದಾರಿಯತ್ತ ತಿರುಗಿದ. ರಸ್ತೆಯ ಕಡೆಯ ಹನ್ನೆರಡು ತಲೆಗಳನ್ನು ಮಾತ್ರ ಎಣಿಸಿದ್ದ. ಗೋಡೆಯ ಕಡೆಯವು ಡಬ್ಬದಲ್ಲಿವೆ ಎಂದುಕೊಂಡಿದ್ದ.

ಮುತ್ತು ನರ್ಸಮ್ಮನ ಒಬ್ಬಳೇ ಮಗಳು. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತೆ ಮೌನವಾಗಿರುವ ಮಗುವಾದ್ದರಿಂದ ಆ ಹೆಸರು. ತಾಯಿ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು, ಮಗಳನ್ನು ವ್ಯಾನು ಹತ್ತಿಸಿ ಮಲಗುವವಳು. ಈಗ ಮಲಗಿರುತ್ತಾಳೆ. ಎದ್ದಾಗ ಅವಳಿಗೆ ಏನೆಂದು ಹೇಳುವುದು? ಐವತ್ತೊಂಬತ್ತರ ಎಡಗಾಲಪ್ಪ ಓಡಿದ. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಬಂದು, "ಏನಾಯ್ತಪ್ಪಾ?" ಎನ್ನುವಷ್ಟರಲ್ಲಿ ಅಂಗಡಿ ದಾಟಿಹೋಗಿದ್ದ.

ಗುಂಡಿಯ ಬಳಿ ಯಾರೂ ಇಲ್ಲ. ಕೆಲಸದವರು ಇನ್ನೂ ಬಂದಿರಲಿಲ್ಲ. ಹಲಗೆಯ ಮೇಲೆ ಮಂಡಿಯೂರಿ ಕೆಳಗೆ ನೋಡಿದ. ಎದೆಯಾಳದ ಗುಂಡಿ, ತಳದಲ್ಲಿ ಕೆಂಪು ನೀರು. ನೀರಿನಿಂದ ಅರ್ಧ ಮೇಲೆದ್ದು ನಿಂತಿತ್ತು ಒಂದು ಪುಟ್ಟ ಶೂ.

ಹಲಗೆಯ ಅಂಚು ಹಿಡಿದು ಇನ್ನಷ್ಟು ಬಗ್ಗಿದ. ಆಮೇಲೆ ಕಣ್ಣು ತನ್ನ ಕಸುಬು ಮಾಡಿತು. ಕಂದು ಬಣ್ಣ, ಲಾಡಿಯದು, ಹತ್ತನೇ ಸೈಜು, ಅಡಿ ಸವೆದು ಪಾಚಿ ಹಿಡಿದದ್ದು. ಮುತ್ತುವಿಗೆ ಅವನೇ ಹೋದ ತಿಂಗಳು ಕೊಟ್ಟದ್ದು ಕಪ್ಪು, ಬಕಲಿನದು. ಇದು ಅವಳದಲ್ಲ. ಸಮಾಧಾನ ಮಾತ್ರ ಬರಲಿಲ್ಲ. ಕಪ್ಪು ಶೂ ನೀರಿನಡಿಯಲ್ಲಿದ್ದರೆ ಮೇಲಿಂದ ಹೇಗೆ ಕಂಡೀತು? ಗುಂಡಿಗೆ ಇಳಿದ. ಮೊಣಕಾಲಿನವರೆಗೆ ನೀರು. ಎರಡೂ ಕೈ ಮುಳುಗಿಸಿ, ಈ ಕೊನೆಯಿಂದ ಆ ಕೊನೆಯವರೆಗೆ ತಳ ತಡಕಾಡಿದ. ಕಲ್ಲು, ಕಬ್ಬಿಣದ ಚೂರು, ಕೆಸರು. ಪ್ರತಿ ಸಲ ಬೆರಳಿಗೆ ಏನಾದರೂ ಮೆತ್ತಗೆ ತಾಗಿದಾಗ ಕಣ್ಣು ಮುಚ್ಚಿಕೊಂಡ. ಗೋಣಿಚೀಲ. ಹಳೆಯ ಬಟ್ಟೆ.

"ಮುತ್ತೂ," ಎಂದು ಕೂಗಿದ. ಉತ್ತರವಿಲ್ಲ. ಸುಮ್ಮನಿರುವುದೇ ಅಭ್ಯಾಸವಾದ ಮಗುವನ್ನು ಕೂಗಿ ಹುಡುಕುವುದು ಹೇಗೆ?

ಮೇಲೆ ಹತ್ತಿದಾಗ ಬೇಕರಿಯ ದಿಕ್ಕಿಗೆ, ಒಂದು ಬೂದು ನಾಯಿ ರಸ್ತೆಬದಿಯ ಸಿಮೆಂಟು ಪೈಪುಗಳ ಕಡೆ ಮುಖ ಮಾಡಿ ಕೂತಿದ್ದು ಕಂಡಿತು. ಅದೇ ಪೈಪುಗಳ ಮುಂದೆ ಅವನು ಸಾಲಿನ ಜೊತೆ ಆಗಲೇ ಒಂದು ಸಲ ಹಾದುಹೋಗಿದ್ದ. ಬಗ್ಗಿ ನೋಡಿದ. ಮೂರನೆಯ ಪೈಪಿನೊಳಗೆ, ಚೀಲವನ್ನು ಎದೆಗೆ ಒತ್ತಿಕೊಂಡು, ಮೊಣಕಾಲು ಮಡಚಿ ಮುತ್ತು ಕೂತಿದ್ದಳು. ಬೆರಳೆತ್ತಿ ನಾಯಿಯನ್ನು ತೋರಿಸಿದಳು. ಅಷ್ಟೇ.

ನಾಯಿಯನ್ನು ಓಡಿಸಿ ಅವಳನ್ನು ಹೊರಗೆ ತೆಗೆದ. ಮುಟ್ಟಿ ಮುಟ್ಟಿ ನೋಡಿದ; ತರಚಿದ ಗಾಯ ಕೂಡ ಇಲ್ಲ. ಹಲಗೆ ದಾಟುವಾಗ ಅವಳ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದುಕೊಂಡ.

ಗೇಟಿನಲ್ಲಿ ಯಾರೂ ಕೇಳಲಿಲ್ಲ. ಮುತ್ತು ಹೋಗಿ ತನ್ನ ಬೆಂಚಿನಲ್ಲಿ ಕೂತಳು. ರಿಜಿಸ್ಟರಿನಲ್ಲಿ ಇಪ್ಪತ್ತನಾಲ್ಕು ಎಂದಿತ್ತು, ಒಳಗೂ ಈಗ ಇಪ್ಪತ್ತನಾಲ್ಕೇ. ಬಾಯಿ ಮುಚ್ಚಿಕೊಂಡಿದ್ದರೆ ವ್ಯಾಪಾರ ಚುಕ್ತಾ. ಮುತ್ತುವಂತೂ ಹೇಳುವವಳಲ್ಲ. ಎಡಗಾಲಪ್ಪ ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಗೇಟಿನ ಬಳಿ ಸುಮಾರು ಹೊತ್ತು ನಿಂತ. ಹೇಳಿದರೆ ಏನಾದೀತು ಎಂಬ ಭಯ ಒಂದು ಕಡೆ. ಹೇಳದಿದ್ದರೆ ಗುರುವಾರ ಅದೇ ಸಾಲು, ಅದೇ ಗುಂಡಿ, ಅದೇ ತಾನು. ಎರಡನೆಯ ಭಯ ಹೆಚ್ಚು ತೂಗಿತು.

ಹೆಡ್‌ಮಿಸ್ಸು ಪೂರ್ತಿ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು. "ನಾನೂ ಎಣಿಸದೆ ಬರೆದೆ. ತಾಯಿಗೆ ನಾನು ಹೇಳಲಾ, ನೀವು ಹೇಳ್ತೀರಾ?"

"ನಾನೇ ಹೇಳ್ತೀನಮ್ಮ."

ನರ್ಸಮ್ಮ ನಿದ್ದೆಗಣ್ಣಿನಲ್ಲೇ ಬಾಗಿಲು ತೆರೆದಳು. ಅವನ ಪ್ಯಾಂಟು ನೋಡಿದಳು. "ಮಗು ಚೆನ್ನಾಗಿದೆಯಮ್ಮ, ಶಾಲೇಲಿದೆ," ಎಂದು ಮೊದಲು ಹೇಳಿ, ಮಿಕ್ಕದ್ದನ್ನು ಆಮೇಲೆ ಹೇಳಿದ.

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ ಆಗಿರಬಹುದು."

"ಗುಂಡಿ ಎಷ್ಟು ಆಳ?"

"ನನ್ನ ಎದೆಮಟ್ಟ."

ತನ್ನ ಮಗಳ ಎತ್ತರವನ್ನು ಅವಳು ಮನಸ್ಸಿನಲ್ಲೇ ಅಳೆದದ್ದು ಮುಖದಲ್ಲಿ ಕಂಡಿತು. ಬೈದಿದ್ದರೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಅವಳು ಸದ್ದಾಗದಂತೆ ಬಾಗಿಲು ಹಾಕಿಕೊಂಡಳು. ಒಳಗೆ ಚಪ್ಪಲಿ ಮೆಟ್ಟುವ ಸದ್ದು, ಬೀಗದ ಕೈ ತೆಗೆಯುವ ಸದ್ದು. ಶಾಲೆಗೆ ಹೊರಟಿದ್ದಳು, ಕಣ್ಣಾರೆ ನೋಡಲು.

ಬುಧವಾರ ಎಡಗಾಲಪ್ಪ ಅಂಗಡಿಯಲ್ಲಿ ಕೂತಿದ್ದನಷ್ಟೇ. ಗುರುವಾರ ಬರಬೇಡಿ ಎಂದು ಶಾಲೆಯಿಂದ ಫೋನು ಬರುತ್ತದೆಂದು ಕಾದ. ಬರಲಿ ಎಂದೂ ಆಸೆ, ಬಾರದಿರಲಿ ಎಂದೂ ಆಸೆ. "ಹೋಗಬೇಕಾ ನಾನು?" ಎಂದು ಸೊಸೆಯನ್ನು ಕೇಳಿದ.

"ನೀವು ಹೋಗದಿದ್ರೆ ಗಡಿಯಾರದವರು ಒಬ್ಬರೇ ಹೋಗ್ತಾರೆ," ಎಂದಳು ಅವಳು. "ಅದು ನಿಮಗೆ ಒಪ್ಪಿಗೇನಾ, ಮಾವ?"

ಫೋನು ಬರಲಿಲ್ಲ.

ಗುರುವಾರ ಅವನು ವ್ಯಾನಿಗಿಂತ ಅರ್ಧ ಗಂಟೆ ಮುಂಚೆ ಬೇಕರಿ ಮೂಲೆಯಲ್ಲಿದ್ದ. ಗಡಿಯಾರದವನೂ ಬಂದಿದ್ದ, ಜೀವಮಾನದಲ್ಲಿ ಮೊದಲ ಸಲ ಸಮಯಕ್ಕೆ. ವ್ಯಾನಿನಿಂದ ಮಕ್ಕಳು ಇಳಿದವು. ಕೊನೆಗೆ ಮುತ್ತು ಇಳಿದಳು, ಅವಳ ಹಿಂದೆ ನರ್ಸಮ್ಮ, ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ, ಕಣ್ಣು ಕೆಂಪಗೆ. ಮಗಳನ್ನು ಸಾಲಿನಲ್ಲಿ ನಿಲ್ಲಿಸಿ, ತಾನು ಹತ್ತು ಹೆಜ್ಜೆ ಹಿಂದೆ ನಿಂತಳು.

"ಇವತ್ತು ಎಲ್ಲರೂ ಮಾತಾಡಿ," ಎಂದ ಎಡಗಾಲಪ್ಪ ಮಕ್ಕಳಿಗೆ. "ಪಕ್ಕದವರು ಕಾಣದಿದ್ರೆ ಕೂಗಿ."

ಇಷ್ಟು ಹೇಳಿಸಿಕೊಳ್ಳಲೆಂದೇ ಅವು ಕಾದಿದ್ದವೋ ಎಂಬಂತೆ ಬೀದಿಯೇ ಗುಬ್ಬಿಗೂಡಾಯಿತು. ಗಡಿಯಾರದವನು ಹಲಗೆಯ ಈಚೆ, ಎಡಗಾಲಪ್ಪ ಆಚೆ. ಇಪ್ಪತ್ತನಾಲ್ಕು ಕೈಗಳು ಅವನ ಕೈ ದಾಟಿದವು. ಬೆನ್ನ ಹಿಂದೆ ನರ್ಸಮ್ಮನ ಹೆಜ್ಜೆ ಗೇಟಿನವರೆಗೂ ಕೇಳಿಸುತ್ತಲೇ ಇತ್ತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಗೇಟಿನಲ್ಲಿ ಒಂದೊಂದು ತಲೆಯನ್ನೂ ಮುಟ್ಟಿ ಎಣಿಸಿದ, ಎರಡೂ ಸಾಲು. "ಇಪ್ಪತ್ತನಾಲ್ಕು," ಎಂದ. ಹೆಡ್‌ಮಿಸ್ಸು ಪೆನ್ನು ತೆರೆದರು.

"ಇನ್ನೊಂದು ಸಲ ಎಣಿಸಿ," ಎಂದಳು ನರ್ಸಮ್ಮ ಹಿಂದಿನಿಂದ.

ಗಂಟೆ ಹೊಡೆಯುತ್ತಿತ್ತು. ಎಡಗಾಲಪ್ಪ ಸಾಲಿನ ತುದಿಗೆ ಹೋಗಿ ಮೊದಲನೆಯ ತಲೆಯ ಮೇಲೆ ಕೈಯಿಟ್ಟ.