ಹಗೇವಿನ ಗಾಳಿ

"ಯಾರೂ ಮಾಡದೇ ಇರೋದನ್ನ ಮಾಡ್ಕೊಂಡು ಬನ್ರೋ" ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದಾಗ, ಆ ಮಾತನ್ನು ನಿಜವೆಂದು ನಂಬಿದವಳು ಇಡೀ ತರಗತಿಯಲ್ಲಿ ನಾನೊಬ್ಬಳೇ ಇರಬೇಕು. ಇಷ್ಟು ವರ್ಷಗಳಾದರೂ ಅದು ನೆನಪಾದರೆ ನನಗೆ ಮೈ ಉರಿಯುತ್ತದೆ. ವಯಸ್ಸಾದ ಮೇಲೆ ಸಿಟ್ಟು ತಣಿಯುತ್ತದೆ ಎಂದು ಹೇಳುವವರಿಗೆ ಬಹುಶಃ ಸರಿಯಾದ ಸಿಟ್ಟು ಬಂದೇ ಇಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ಅನುಗೊಂಡನಹಳ್ಳಿ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ನಾನು ಓದುತ್ತಿದ್ದೆ. ಶಾಲೆಯಲ್ಲಿ ವಸ್ತುಪ್ರದರ್ಶನ ನಡೆಯುವುದಿತ್ತು. ಹೊಸಕೋಟೆಯಿಂದ ತಾಲ್ಲೂಕಿನ ಅಮಲ್ದಾರರೇ ಬರುತ್ತಾರೆ, ಸುತ್ತಮುತ್ತಲ ಊರಿನವರೆಲ್ಲ ನೋಡಲು ಬರುತ್ತಾರೆ ಎಂದು ಹೆಡ್‌ಮೇಷ್ಟ್ರು ಗೋಡೆಗೆಲ್ಲ ಸುಣ್ಣ ಬಳಿಸಿದ್ದರು. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಏನು ಮಾಡುತ್ತೀರಿ ಎಂದು ಕೇಳಿದರು. ಒಬ್ಬ ಜೇಡಿಮಣ್ಣಿನ ಅಣೆಕಟ್ಟು ಎಂದ. ಪಟೇಲರ ಮಗ ಬ್ಯಾಟರಿಯ ಗಂಟೆ ಎಂದ. ನಾನು ಎದ್ದು ನಿಂತು, "ಹಗೇವಲ್ಲಿ ದೀಪ ಯಾಕೆ ಆರುತ್ತೆ ಅಂತ ತೋರಿಸ್ತೀನಿ ಸಾರ್" ಎಂದೆ. ತರಗತಿ ಗೊಳ್ಳೆಂದು ನಕ್ಕಿತು.

ಹಗೇವೆಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಳಿ. ಬಾಯಿ ಕಿರಿದು, ಒಬ್ಬ ಆಳು ಮೈ ಮುದುರಿಕೊಂಡು ಇಳಿಯುವಷ್ಟು. ಒಳಗೆ ಮಾತ್ರ ಮಣ್ಣಿನ ಗುಡಾಣದ ಹಾಗೆ ಅಗಲ. ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ, ಒಂದು ಹುಳು ಬೀಳುವುದಿಲ್ಲ. ಹುಳುವೇ ಬದುಕದ ಕಡೆ ಮನುಷ್ಯ ಬದುಕುತ್ತಾನೆಯೇ? ಅದಕ್ಕೇ ತೆಗೆಯುವ ದಿನ ಬೆಳಿಗ್ಗೆಯೇ ಚಪ್ಪಡಿ ಸರಿಸಿ ಬಿಡುತ್ತಿದ್ದರು. ಹೊಂಗೆಸೊಪ್ಪಿನ ಕಟ್ಟನ್ನು ಹಗ್ಗದಲ್ಲಿ ಇಳಿಬಿಟ್ಟು, ಮೇಲೆ ಕೆಳಗೆ ಎಳೆದಾಡಿ ಒಳಗಿನ ಗಾಳಿಯನ್ನು ಕಲಕುತ್ತಿದ್ದರು. ಆಮೇಲೆ ದೀಪ ಇಳಿಸಿ ನೋಡುವುದು. ಆರಿದರೆ ಇನ್ನೂ ಕಾಯಬೇಕು, ಉರಿದರೆ ಆಳು ಇಳಿಯಬಹುದು.

ಇಳಿಯುತ್ತಿದ್ದವನು ನನ್ನ ಚಿಕ್ಕಪ್ಪ, ಅಪ್ಪನ ಒಬ್ಬನೇ ತಮ್ಮ. ಸಣ್ಣ ಮೈಕಟ್ಟು, ಚುರುಕು ಕೈ. ಹಾಗಾಗಿ ಊರಿನ ಹಗೇವುಗಳಿಗೆಲ್ಲ ಅವನೇ ಬೇಕು. ನನ್ನನ್ನು ಶಾಲೆಗೆ ಕಳಿಸಲು ಅಪ್ಪ ಹಿಂದೆಮುಂದೆ ನೋಡಿದಾಗ, "ಓದ್ಲಿ ಬಿಡಣ್ಣ, ನಮ್ಮನೇಲೂ ಒಂದು ಮೇಷ್ಟ್ರು ಇರ್ಲಿ" ಎಂದು ಜಗಳ ಆಡಿದವನೂ ಅವನೇ. ಸಂಜೆ ನಾನು ಮನೆಗೆ ಬಂದರೆ, "ಏನಮ್ಮಾ ಮೇಷ್ಟ್ರೇ, ಇವತ್ತು ಏನ್ ಪಾಠ?" ಎಂದು ಕೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ಹೇಳಿದ್ದನ್ನೆಲ್ಲ ಕೇಳಿ, ಅರ್ಧಕ್ಕರ್ಧ ಸುಳ್ಳು ಎಂದು ನಗುತ್ತಿದ್ದ.

ಯುದ್ಧ ಬಂದ ಮೇಲೆ ಸರ್ಕಾರ ಲೆವಿಯೆಂದು ರಾಗಿ ಎಳೆಯತೊಡಗಿತು. ಮನೆಯಲ್ಲಿ ತಲೆಗೆ ಇಷ್ಟು ಎಂದು ಬಿಟ್ಟು ಉಳಿದದ್ದನ್ನು ಅಳೆದುಕೊಂಡು ಹೋಗುತ್ತಿದ್ದರು. ಜನ ಬಚ್ಚಿಟ್ಟರು. ಅದನ್ನು ನಾನು ತಪ್ಪೆನ್ನುವುದಿಲ್ಲ, ಬೆವರು ಸುರಿಸಿದವರ ಹೊಟ್ಟೆಯ ಮಾತು ಅದು. ಆದರೆ ಬಯಲಲ್ಲಿ ಎಲ್ಲರೆದುರು ತೆಗೆಯುತ್ತಿದ್ದ ಹಗೇವು ಈಗ ಕೊಟ್ಟಿಗೆಯೊಳಕ್ಕೆ ಬಂತು. ಬಾಗಿಲು ಹಾಕಿಕೊಳ್ಳುವುದು, ಕಿಂಡಿಗೆ ಗೋಣಿ ಕಟ್ಟುವುದು, ಚಪ್ಪಡಿ ಸರಿಸಿದ್ದೇ ಆಳನ್ನು ಇಳಿಸುವುದು. ಹೊತ್ತು ಬಿಟ್ಟರೆ ಯಾರಾದರೂ ನೋಡಿಯಾರು ಎಂಬ ಭಯ. ಹಿಂದಿನ ವರ್ಷ ಹೀಗೇ ಒಂದು ಮನೆಯಲ್ಲಿ ಇಳಿದ ಚಿಕ್ಕಪ್ಪ ಅಲ್ಲೇ ಕುಸಿದಿದ್ದ. ಸೊಂಟಕ್ಕೆ ಹಗ್ಗವಿದ್ದುದರಿಂದ ಎಳೆದು ಹಾಕಿದ್ದರು. ಮನೆಗೆ ಹೊತ್ತು ತಂದಾಗ ಅವನ ತುಟಿ ನೇರಳೆಹಣ್ಣು ತಿಂದವನ ಹಾಗೆ ಕಪ್ಪಾಗಿತ್ತು. ಗಾಳಿ ಮೆಟ್ಟಿಕೊಂಡಿದೆ ಎಂದು ನಿಂಬೆಹಣ್ಣು ನಿವಾಳಿಸಿದರು. ಹೊತ್ತು ಬಿಡಲಿಲ್ಲವಲ್ಲ ಎಂದು ಯಾರೂ ಅನ್ನಲಿಲ್ಲ. ಮುಂದಿನ ವಾರ ಇನ್ನೊಂದು ಮನೆಯವರು ಬಂದು ಅವನನ್ನೇ ಕರೆದರು, ಅವನು ಹೋದ.

ಅವನು ಮತ್ತೆ ಮೇಲೆ ಬಾರದೆ ಹೋಗುತ್ತಾನೆ ಎಂಬ ಹೆದರಿಕೆ ನನ್ನೊಳಗೆ ಆಗಲೇ ಕೂತುಬಿಟ್ಟಿತ್ತು. ನಾನು ಹಗೇವನ್ನು ಆರಿಸಿಕೊಂಡದ್ದು ಬಹುಮಾನಕ್ಕಲ್ಲ. ಊರಿನವರೆಲ್ಲ ಬರುವ ಜಾಗದಲ್ಲಿ, ಅವರ ಕಣ್ಣೆದುರೇ ದೀಪ ಆರಿಸಿ ತೋರಿಸಿದರೆ, ಇನ್ನು ಮೇಲಾದರೂ ಚಿಕ್ಕಪ್ಪನನ್ನು ಅವಸರ ಮಾಡಿ ಇಳಿಸಲಾರರು ಎಂದುಕೊಂಡೆ. ಅಷ್ಟೇ ನನ್ನ ವಿಜ್ಞಾನ.

ಒಂದು ದೊಡ್ಡ ಗುಡಾಣಕ್ಕೆ ನೀರು ಚಿಮುಕಿಸಿದ ರಾಗಿ ಅರ್ಧ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಹಿತ್ತಲಲ್ಲಿ ಇಟ್ಟೆ. ಕೆಲವು ದಿನ ಬಿಟ್ಟು ತೆಗೆದು, ತಂತಿಗೆ ಕಟ್ಟಿದ ಹಣತೆಯನ್ನು ಇಳಿಸಿದೆ. ಚಿಟಿಕೆ ಹೊಡೆದ ಹಾಗೆ ಆರಿತು. ಲೋಟದಲ್ಲಿ ತಿಳಿ ಸುಣ್ಣದ ನೀರು ಇಳಿಸಿದೆ, ಹಾಲಿನ ಹಾಗೆ ಬೆಳ್ಳಗಾಗಿ ಮೇಲೆ ಬಂತು. ನಾವು ಬಿಡುವ ಉಸಿರಿಗೂ ಸುಣ್ಣದ ನೀರು ಹೀಗೇ ಬೆಳ್ಳಗಾಗುತ್ತದೆ ಎಂದು ಮೇಷ್ಟ್ರು ತರಗತಿಯಲ್ಲಿ ತೋರಿಸಿದ್ದರು. ಹಾಗಾದರೆ ರಾಗಿಯೂ ಉಸಿರಾಡುತ್ತದೆ! ಮುಚ್ಚಿಟ್ಟ ಕಡೆ ಒಳ್ಳೆಯ ಗಾಳಿಯನ್ನೆಲ್ಲ ತಾನೇ ಉಂಡು, ಕೆಟ್ಟದ್ದನ್ನು ತುಂಬಿಟ್ಟಿರುತ್ತದೆ. ಹೊಂಗೆಯ ರೆಂಬೆ ಆಡಿಸಿ ಮತ್ತೆ ಹಣತೆ ಇಳಿಸಿದೆ, ಉರಿಯಿತು. ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ನಾನು ಹಿತ್ತಲಲ್ಲಿ ಕಂಡುಕೊಂಡಿದ್ದೆ. ಅಂಥ ಸಂತೋಷ ಆಮೇಲೆ ನನಗೆ ಯಾವ ಮದುವೆಯಲ್ಲೂ ಹೆರಿಗೆಯಲ್ಲೂ ಆಗಿಲ್ಲ.

ಮೇಷ್ಟ್ರಿಗೆ ತೋರಿಸಿದೆ. "ಭಲೇ ಕಣಮ್ಮಾ" ಎಂದು ಬೆನ್ನು ತಟ್ಟಿದರು. ಮಾರನೆಯ ದಿನ ಹೆಡ್‌ಮೇಷ್ಟ್ರು ಕರೆಸಿದರು.

"ಅಮಲ್ದಾರ್ರು ಬರೋ ದಿನ ಹಗೇವು ತೋರಿಸ್ತೀಯಾ? ಲೆವಿ ಕಾಲದಲ್ಲಿ? ಬುದ್ಧಿ ನೆಟ್ಟಗಿದೆಯಾ?"

"ಹಗೇವು ಅಂತ ಅನ್ನಲ್ಲ ಸಾರ್, ಗುಡಾಣ ಅಂತೀನಿ."

"ಯಾವ ಪುಸ್ತಕದಲ್ಲಿದೆ ಇದು?"

"ಪುಸ್ತಕದಲ್ಲಿ ಇಲ್ಲ ಸಾರ್. ಯಾರೂ ಮಾಡದೇ ಇರೋದನ್ನೇ ಮಾಡಿ ಅಂತ ಮೇಷ್ಟ್ರೇ ಅಂದ್ರಲ್ಲ."

ಹೆಡ್‌ಮೇಷ್ಟ್ರ ಮುಖ ಕೆಂಪಾಯಿತು. ಪಕ್ಕದಲ್ಲೇ ನಿಂತಿದ್ದ ನಮ್ಮ ಮೇಷ್ಟ್ರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಹಿಂದಿನ ದಿನ ತಟ್ಟಿದ ಕೈ ಅವತ್ತು ಬೆನ್ನ ಹಿಂದೆ ಕಟ್ಟಿಕೊಂಡಿತ್ತು. ಹೆಡ್‌ಮೇಷ್ಟ್ರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಆ ಚಪ್ಪಲಿಯ ಮೇಲೆ ಬಂತು.

ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಪಟೇಲರು ಅಪ್ಪನನ್ನು ಕರೆಸಿ ಮಾತಾಡಿದ್ದರು. ಅಪ್ಪ ಅಂಗಳದಲ್ಲೇ ಕಾಯುತ್ತಿದ್ದ.

"ಊರೋರ ಅನ್ನಕ್ಕೆ ಕಲ್ಲು ಹಾಕೋಕೆ ಓದಿಸ್ತಾ ಇದೀನಾ ನಿನ್ನ?"

"ಬಾಯಿ ತೆಗೆದು ಹೊತ್ತು ಬಿಡದೇ ಇದ್ರೆ ಚಿಕ್ಕಪ್ಪ ಸತ್ತೋಗ್ತಾನೆ ಕಣಪ್ಪಾ."

"ತಲೆತಲಾಂತರದಿಂದ ಹಗೇವು ತೆಗೀತಿದೀವಿ, ನಮಗೆ ಗೊತ್ತಿಲ್ವಾ?"

"ಗೊತ್ತಿದ್ದೂ ಹಂಗೇ ಇಳಿಸ್ತೀರಲ್ಲ!"

ಕೆನ್ನೆಗೆ ಬಿತ್ತು. ಗುಡಾಣದ ರಾಗಿಯನ್ನು ಅವ್ವ ದನಗಳ ಬಾನಿಗೆ ಸುರಿದಳು. ಚಿಕ್ಕಪ್ಪ ಜಗುಲಿಯ ಮೇಲೆ ಕೂತು, "ಹೋಗ್ಲಿ ಬಿಡಮ್ಮಾ ಮೇಷ್ಟ್ರೇ, ನಂಗೇನೂ ಆಗಲ್ಲ" ಎಂದ. ಅವನ ಮೇಲೂ ನನಗೆ ಸಿಟ್ಟು ಬಂತು. ನನ್ನ ಪರವಾಗಿ ಅಣ್ಣನ ಹತ್ತಿರ ಜಗಳ ಆಡಬಲ್ಲವನು ತನ್ನ ಜೀವದ ಪರವಾಗಿ ಒಂದು ಮಾತು ಆಡಲಿಲ್ಲ.

ವಸ್ತುಪ್ರದರ್ಶನ ನಡೆಯಿತು. ಹುಡುಗಿಗೆ ಇದೇ ಸರಿ ಎಂದು ನನಗೆ ದಾಸವಾಳದ ಹೂವು ಕೊಟ್ಟಿದ್ದರು. ಒಂದೊಂದು ಭಾಗ ಕಿತ್ತು ಹಲಗೆಗೆ ಅಂಟಿಸಿ, ಕೇಳಿದವರಿಗೆ ಹೆಸರು ಹೇಳಬೇಕು. ಯಾರೂ ಕೇಳಲಿಲ್ಲ. ಪಟೇಲರ ಮಗ ತಂದ ಗಂಟೆ ಬೆಂಗಳೂರು ಪೇಟೆಯ ಅಂಗಡಿಯಿಂದ ಕೊಂಡದ್ದು, ಅಂಗಡಿಯ ಚೀಟಿಯೂ ತಳದಲ್ಲಿ ಹಾಗೇ ಇತ್ತು. ಅಮಲ್ದಾರರು ಅದರ ಗುಂಡಿಯನ್ನು ಮಗುವಿನ ಹಾಗೆ ಒತ್ತಿ ಒತ್ತಿ ನಕ್ಕು ಮೊದಲ ಬಹುಮಾನ ಅದಕ್ಕೇ ಕೊಟ್ಟರು. ಮಕ್ಕಳು ಸ್ವಂತ ಬುದ್ಧಿ ಬಳಸಬೇಕೆಂದು ಭಾಷಣವನ್ನೂ ಮಾಡಿದರು. ನಾನು ಚಪ್ಪಾಳೆ ತಟ್ಟಲಿಲ್ಲ.

ಮುಂದಿನ ವಾರವೇ ಒಂದು ದಿನ, ಅಮಲ್ದಾರರ ಸವಾರಿ ಲೆವಿಗಾಗಿ ಅವತ್ತೇ ನಮ್ಮೂರ ಕಡೆ ಬರುತ್ತಿದೆ ಎಂಬ ಸುದ್ದಿ ಬಂತು. ಪಟೇಲರು ಕೊಟ್ಟಿಗೆಯ ಹಗೇವಿನಲ್ಲಿದ್ದ ರಾಗಿಯನ್ನು ಬೇರೆಡೆ ಸಾಗಿಸಲು ಹೊರಟರು. ಮಟಮಟ ಮಧ್ಯಾಹ್ನ ಚಿಕ್ಕಪ್ಪನಿಗೆ ಕರೆ ಬಂತು, ಉಣ್ಣುತ್ತಿದ್ದವನು ಕೈ ತೊಳೆದು ಎದ್ದು ಹೋದ. ಅಲ್ಲಿ ಚಪ್ಪಡಿ ಸರಿಸಿದ್ದೇ ಇಳಿಸಿದ್ದಾರೆ. ದೀಪವಿಲ್ಲ, ಸೊಪ್ಪಿಲ್ಲ. ಸೊಂಟಕ್ಕೆ ಹಗ್ಗವನ್ನೂ ಕಟ್ಟಿರಲಿಲ್ಲ. ಇದ್ದ ಒಂದು ಹಗ್ಗ ರಾಗಿಯ ಕುಕ್ಕೆ ಎಳೆಯಲು ಬೇಕಿತ್ತಂತೆ. ಇದನ್ನೆಲ್ಲ ಅಲ್ಲಿದ್ದ ಆಳೊಬ್ಬ ಓಡಿ ಬಂದು ಅಳುತ್ತಾ ಅವ್ವನಿಗೆ ಹೇಳಿದ. ಮೊದಲ ಕುಕ್ಕೆ ಬರಲಿಲ್ಲ. ಕೂಗಿದರೆ ಓಗೊಡಲಿಲ್ಲ. ಕೊಕ್ಕೆ ಹಾಕಿ ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅವನನ್ನು ಮನೆಗೆ ತರಲಿಲ್ಲ. ಪಟೇಲರ ಮನೆಯ ಹಿಂದಿನ ಹುಣಿಸೆಮರದ ಕೆಳಗೆ ಮಲಗಿಸಿದರು, ನಾವೇ ಅಲ್ಲಿಗೆ ಓಡಿದೆವು. ಹಗೇವಿಗೆ ಚಪ್ಪಡಿ ಮುಚ್ಚಿ ಮೇಲೆ ಹುಲ್ಲು ಹರಡಿದರು. ಚಿಕ್ಕಮ್ಮ ಎದೆ ಬಡಿದುಕೊಳ್ಳುತ್ತಿರುವಾಗಲೇ ಪಟೇಲರು ಅಪ್ಪನ ಹೆಗಲ ಮೇಲೆ ಕೈ ಹಾಕಿ, "ಮರದಿಂದ ಬಿದ್ದ ಅನ್ನು. ಹೋದೋನು ಬರಲ್ಲ, ಇರೋರು ಉಣ್ಬೇಕಲ್ಲಪ್ಪಾ" ಎಂದರು. ಅಪ್ಪ ತಲೆ ಆಡಿಸಿದ. ತನ್ನ ಒಡಹುಟ್ಟಿದವನ ಮೈ ಇನ್ನೂ ಆರಿರಲಿಲ್ಲ.

ಅಮಲ್ದಾರರು ಬಂದರು. ಹೆಣ ನೋಡಿ ಟೋಪಿ ತೆಗೆದರು. ಹೇಗಾಯಿತು ಎಂದರು. "ಹುಣಿಸೇಕಾಯಿ ಕೀಳೋಕೆ ಹತ್ತಿದ್ದ ಸ್ವಾಮಿ, ಬಿದ್ದ" ಎಂದ ಅಪ್ಪ. ನಾನು ಹೆಂಗಸರ ಗುಂಪಿನಿಂದ ಎದ್ದು ಬಂದೆ.

"ಮರದಿಂದ ಅಲ್ಲ. ಪಟೇಲರ ಹಗೇವಲ್ಲಿ ಸತ್ತಿದ್ದು."

ಅಮಲ್ದಾರರು ನನ್ನ ಕಡೆ ತಿರುಗಿದರು. ಹೇಗೆ ಸತ್ತ ಎಂದು ಕೇಳುತ್ತಾರೆ, ಎಲ್ಲ ಹೇಳಿಬಿಡಬೇಕು ಎಂದು ಉಸಿರು ಎಳೆದುಕೊಂಡೆ. ಅವರು ಕೇಳಿದ್ದು ಒಂದೇ ಮಾತು.

"ಹಗೇವಾ? ಎಷ್ಟು ರಾಗಿ ಇದೆ?"

ಪಟೇಲರು ಏನೂ ಇಲ್ಲ ಸ್ವಾಮಿ, ಖಾಲಿ ಎಂದರು. ಇಲ್ಲ ಎಂದಷ್ಟೂ ಅಮಲ್ದಾರರಿಗೆ ಹುರುಪು ಬಂತು. ಹೆಣವನ್ನು ಬಿಟ್ಟು ಎಲ್ಲರೂ ಕೊಟ್ಟಿಗೆಗೆ ನುಗ್ಗಿದರು. ಹುಲ್ಲು ಎಳೆದರು, ಚಪ್ಪಡಿ ಸರಿಸಿದರು. ಅಮಲ್ದಾರರು ತಮ್ಮ ಜವಾನನಿಗೆ, "ಇಳಿದು ನೋಡಯ್ಯ" ಎಂದರು. ಅವನು ರುಮಾಲು ಬಿಚ್ಚಿಟ್ಟು ಪಂಚೆ ಮೇಲೆ ಕಟ್ಟಿಕೊಂಡ. ನಮ್ಮೂರಿನ ಅಷ್ಟು ಜನ ಗಂಡಸರು ಸುತ್ತ ನಿಂತು ನೋಡುತ್ತಿದ್ದರು. ಒಂದು ಗಂಟೆಯ ಹಿಂದೆ ಅದೇ ಗುಳಿಯಿಂದ ಹೆಣ ಎತ್ತಿದವರು ಅಲ್ಲೇ ಇದ್ದರು. ಒಬ್ಬ, ಒಬ್ಬನಾದರೂ, ಬೇಡ ಎನ್ನಲಿಲ್ಲ.

ನಾನು ಹೋಗಿ ಹಗೇವಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆ, ಯಾರೂ ಇಳಿಯದ ಹಾಗೆ. ಜವಾನ ತಬ್ಬಿಬ್ಬಾಗಿ ನಿಂತ. ಪಟೇಲರು ಆಳುಗಳಿಗೆ ಎಳೆದು ಹಾಕ್ರೋ ಎಂದು ಕೂಗಿದರು. ಯಾರೋ ಎರಡು ಹೆಜ್ಜೆ ಮುಂದೆ ಬಂದರು. "ಮುಟ್ಟಿದ್ರೆ ಹುಷಾರ್" ಎಂದೆ. ಅಪ್ಪ ಜನರನ್ನು ಸರಿಸಿಕೊಂಡು ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ನನ್ನ ಪಕ್ಕದಲ್ಲಿ, ಅದೇ ಅಂಚಿನಲ್ಲಿ ಕುಸಿದು ಕೂತು, ಮುಖಕ್ಕೆ ಟವಲು ಮುಚ್ಚಿಕೊಂಡ. ನಾನು ಅವನ ಕಡೆ ನೋಡಲಿಲ್ಲ.

ಒಳಗೆ ಕೆಟ್ಟ ಗಾಳಿ ಇದೆ, ಬಾಯಿ ತೆರೆದು ಬಿಡಬೇಕು, ದೀಪ ಉರಿದ ಮೇಲೇ ಇಳಿಯಬೇಕು ಎಂದು ಅಮಲ್ದಾರರಿಗೆ ಹೇಳಿದೆ. ಅವರು ಅಸಹನೆಯಿಂದ ಜೇಬಿನ ಗಡಿಯಾರ ತೆಗೆದು ನೋಡಿದರು.

"ಇನ್ನೆಷ್ಟು ಹೊತ್ತು ಬಿಡಬೇಕಮ್ಮ?"

"ನಮ್ಮ ಚಿಕ್ಕಪ್ಪನಿಗೆ ನೀವ್ಯಾರೂ ಬಿಡಲಿಲ್ವಲ್ಲ, ಅಷ್ಟು" ಎಂದೆ.